ಆಯಸ್ಕಾಂತದ ಪಕ್ಕ ಇಟ್ಟ ವಾಚು

ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಗೆ ಬರೆದವನು ನಾನೇ. ಹನ್ನೆರಡು ಸಾಲು, ಒಂದು ಚಿಕ್ಕ ಫೋಟೋ, ಒಳಪುಟದ ಕೆಳಗಿನ ಮೂಲೆ. ದಾಂಡೇಲಿಯ ಕಾಲೇಜಿನಲ್ಲಿ ಬಹಳ ವರ್ಷ ಭೌತಶಾಸ್ತ್ರ ಕಲಿಸಿದರು, ನಿವೃತ್ತಿಯ ನಂತರ ಹಳಿಯಾಳದಲ್ಲಿದ್ದರು, ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಅಗಲಿದ್ದಾರೆ. ಕೊನೆಗೆ ‘ವಿದ್ಯಾರ್ಥಿಗಳಲ್ಲಿ ಸತ್ಯನಿಷ್ಠೆ ಬೆಳೆಸಿದ ಶಿಕ್ಷಕ’ ಎಂದು ಸೇರಿಸಿದೆ. ಸುದ್ದಿಗೆ ಒಂದು ಮುಕ್ತಾಯ ಬೇಕಾಗಿತ್ತು. ಹೆಚ್ಚಿಗೆ ಬರೆಯಲು ಆ ದಿನ ಜಾಗ ಇರಲಿಲ್ಲ. ಇಲ್ಲಿ ಇದೆ. ಹೆಸರು ಮಾತ್ರ ಇಲ್ಲಿಯೂ ಬರೆಯುವುದಿಲ್ಲ. ಅವರ ಹೆಣ್ಣುಮಕ್ಕಳು ಇನ್ನೂ ಆ ಕಡೆಯೇ ಇದ್ದಾರೆ.

ಗಿಡ್ಡ ಆಳು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು ಒಂದೇ. ನೀಲಿ ಶಾಯಿ ಬೇಕಾದಾಗ ಎದುರಿಗಿದ್ದ ಹುಡುಗನ ಪೆನ್ನು ಕಿತ್ತುಕೊಳ್ಳುತ್ತಿದ್ದರು, ತಿರುಗಿ ಕೊಡುತ್ತಿರಲಿಲ್ಲ. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಹೊಸದಾಗಿ ಬಂದವರು ಅದನ್ನು ಭಕ್ತಿ ಎಂದುಕೊಳ್ಳುತ್ತಿದ್ದರು. ಹೆಜ್ಜೆಯ ಸಪ್ಪಳ ಕೇಳಿಸದಿರಲಿ ಎಂಬುದು ಅದರ ಕಾರಣ ಎಂದು ತಿಳಿಯಲು ಒಂದು ವಾರ ಸಾಕಾಗುತ್ತಿತ್ತು. ಮಾತಿನಲ್ಲಿ ಅವರು ಎಲ್ಲರಿಗೂ ‘ಲೇ’ ಎನ್ನುವವರು. ಒಬ್ಬನಿಗೆ ‘ಬರ್ರಿ ಸಾಹೇಬ್ರ’ ಎಂದರೆ ಅವನ ಆ ದಿನ ಮುಗಿಯಿತು ಎಂದು ಅರ್ಥ.

ಅದು ಸೂಪಾದ ಅಣೆಕಟ್ಟು ಮೇಲೇಳುತ್ತಿದ್ದ ಕಾಲ. ನಮ್ಮ ತರಗತಿಯಲ್ಲಿ ಗಣೇಶಗುಡಿಯ ಕಾಲನಿಯ ಹುಡುಗರಿದ್ದರು, ಹಳಿಯಾಳದಿಂದ ಬಸ್ಸಿನಲ್ಲಿ ಬರುವವರಿದ್ದರು, ಉಳಿದವರು ಕಾಗದದ ಕಾರ್ಖಾನೆಯ ಕೆಲಸಗಾರರ ಮಕ್ಕಳು. ಬಿ.ಎಸ್‌ಸಿ. ಕೊನೆಯ ವರ್ಷಕ್ಕೆ ಇಪ್ಪತ್ಮೂರು ಜನ. ಗಾಳಿ ಈ ಕಡೆ ತಿರುಗಿದಾಗ ಪ್ರಯೋಗಾಲಯದ ತುಂಬ ಕಾರ್ಖಾನೆಯ ವಾಸನೆ. ಗೋಡೆಯ ಗಡಿಯಾರ ನಾವು ಸೇರುವ ಮೊದಲೇ ನಿಂತಿತ್ತು. ಕಾರ್ಖಾನೆಯ ಭೋಂಗಾ ಕೂಗಿದಾಗ ಹೊತ್ತು ತಿಳಿಯುತ್ತಿತ್ತು.

ಪ್ರಯೋಗವೆಂದರೆ ನಮ್ಮ ಮಟ್ಟಿಗೆ ಪುಸ್ತಕದಲ್ಲಿದ್ದ ಸಂಖ್ಯೆಯನ್ನು ಮೇಜಿನ ಮೇಲೆ ತರುವ ಕೆಲಸ. ‘ಎಷ್ಟು ಬಂತು’ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ‘ಬಂತೇನಲೇ?’ ಎಂದು ಕೇಳುತ್ತಿದ್ದೆವು. ಬರದಿದ್ದರೆ ಉಪಾಯವಿತ್ತು. ಬರಬೇಕಾದ ಉತ್ತರವನ್ನು ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ, ಅಳತೆಗಳನ್ನು ಕೊನೆಗೆ ತುಂಬುವುದು. ಇದಕ್ಕೆ ‘ಉಲ್ಟಾ ಹೊಡಿಯೂದು’ ಎನ್ನುತ್ತಿದ್ದೆವು. ಅನುಮಾನ ಬಾರದಿರಲೆಂದು ಕೊನೆಯ ಅಂಕಿಯನ್ನು ಅಲ್ಲಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಮಾಡುತ್ತಿದ್ದೆವು. ಇದರಲ್ಲಿ ನನ್ನ ಕೈ ಚೆನ್ನಾಗಿತ್ತು.

ಹಿರಿಯರು ಪ್ರಯೋಗ ಬರೆದ ಜರ್ನಲ್ಲುಗಳು ಕಿರಿಯರಿಗೆ ಇಳಿದು ಬರುತ್ತಿದ್ದವು. ಒಂದು ದಿನ ಅವರು ನಮ್ಮ ಎಲ್ಲರ ಜರ್ನಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟರು. ಎಲ್ಲದರಲ್ಲೂ ಕೋಣೆಯ ಉಷ್ಣತೆ ಇಪ್ಪತ್ತೇಳೂವರೆ ಡಿಗ್ರಿ.

“ಡಿಸೆಂಬರದಾಗೂ ಇಪ್ಪತ್ತೇಳೂವರಿ, ಜುಲೈದಾಗೂ ಇಪ್ಪತ್ತೇಳೂವರಿ,” ಎಂದರು. “ಹೋದ ವರ್ಷದ ಹುಡುಗರಿಗೂ ಅಷ್ಟಽ. ಹೊರಗ ಮಳಿ ಬರಲಿ, ಬೆಂಕಿ ಬೀಳಲಿ, ಈ ಖೋಲಿಗೆ ಏನೂ ಆಗೂದಿಲ್ಲ. ದೇವರು ಇಲ್ಲೇ ಅದಾನ ನೋಡ್ರಲೇ. ಊದಿನಕಡ್ಡಿ ತಂದ್ರೇನು?”

ಆಮೇಲೆ ಆ ಹಾಳೆಗಳನ್ನು ಒಂದೊಂದಾಗಿ ಹರಿದರು. ಹರಿದ ಹಾಳೆಗಳನ್ನು ಅವರು ಬುಟ್ಟಿಗೆ ಹಾಕುತ್ತಿರಲಿಲ್ಲ. ಕಾಲೇಜಿನ ಗೇಟಿನ ಹೊರಗೆ ಶೇಂಗಾ ಮಾರುತ್ತಿದ್ದ ಇಮಾಮಸಾಬನಿಗೆ ಕೊಟ್ಟು ಬರುತ್ತಿದ್ದರು. ಅವನು ಅದರಲ್ಲೇ ಪೊಟ್ಟಣ ಕಟ್ಟುತ್ತಿದ್ದ. ಮರುದಿನ ಶೇಂಗಾ ಕೊಂಡವನ ಕೈಯಲ್ಲಿ ನಮ್ಮಲ್ಲಿ ಯಾರದೋ ಅಕ್ಷರ, ಯಾರದೋ ಅಳತೆ, ಅಡ್ಡಲಾಗಿ ಕೆಂಪು ಗೀಟು. ಹುಡುಗಿಯರ ಹಾಳೆ ಸಿಕ್ಕರೆ ಹುಡುಗರು ಬಸ್ಸಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಹಾಗೆ ಓದಿಸಿಕೊಂಡ ಹಳಿಯಾಳದ ಒಬ್ಬಳು ಎರಡನೆಯ ವರ್ಷದ ದೀಪಾವಳಿಯ ರಜೆಗೆ ಹೋದವಳು ತಿರುಗಿ ಬರಲಿಲ್ಲ. ಅವರಿಗೆ ಇದನ್ನು ಹೇಳಿದಾಗ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದು ಮುಂದಿನ ಹೆಸರು ಕೂಗಿದರು.

ಇನ್ನೊಂದು ದಿನದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. ಅದೇ ಅಳತೆಯನ್ನು ಮೂರು ಸಲ ಯಾಕೆ ತೆಗೆದುಕೊಳ್ಳಬೇಕು ಎಂದು ಕೇಳಿದರು. ಗಣೇಶಗುಡಿಯ ಹುಡುಗನೊಬ್ಬ ಧೈರ್ಯ ಮಾಡಿದ.

“ಟೇಬಲ್ಲಿನ್ಯಾಗ ಮೂರು ಕಾಲಂ ಅದಾವ್ರಿ ಸರ್.”

“ನಾಕು ಗೀಟು ಹಾಕಿದ್ರ ನಾಕು ಸಲ ತಗೋತಿದ್ದಿ?”

“ಹೌದ್ರಿ.”

“ಕುಂದರ್ರಿ ಸಾಹೇಬ್ರ. ಅಣೆಕಟ್ಟು ಕಟ್ಟಾವರ ಮನ್ಯಾಗ ಹುಟ್ಟೀರಿ. ಆ ಅಣೆಕಟ್ಟಿನ ಕೆಳಗ ಮನಿ ಮಾಡಬ್ಯಾಡ್ರಿ.”

ಆಗ ಹಿಂದಿನ ಬೆಂಚಿನಿಂದ ಜುಜೆ ಎದ್ದು ನಿಂತ. ಜುಜೆ ಸಿದ್ದಿ ಹುಡುಗ, ಕ್ರಿಶ್ಚನ್ನರು. ಹಳಿಯಾಳದ ಕಡೆಯ ಹಳ್ಳಿ. ಅವನ ಅಪ್ಪ ಮೊದಲು ಜೋಯಿಡಾದ ಕಾಡಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಬಿದಿರು ಕಡಿಯುತ್ತಿದ್ದ. ಆಮೇಲೆ ಕಾರ್ಖಾನೆಯ ಬಿದಿರಿನ ಯಾರ್ಡಿಗೆ ಸೇರಿದ್ದ. ಕಾಲೇಜಿನಲ್ಲಿ ಎಲ್ಲರಿಗಿಂತ ಚುರುಕು ನಾಲಿಗೆ ಜುಜೆಯದು.

“ನಮ್ಮಪ್ಪ ಬಿದರು ಮೂರು ಸಲ ಎಣಸ್ತಾನ್ರಿ,” ಎಂದ. “ಮೂರು ಸಲಾನೂ ಬ್ಯಾರೆ ಬ್ಯಾರೆ ಬರ್ತೈತಿ. ಗುತ್ತಿಗೆದಾರ ಒಂದಽ ಸಲ ಎಣಸ್ತಾನ. ಅವಂದು ಯಾವಾಗ್ಲೂ ಬರೋಬ್ಬರಿ.”

ಅವರು ಗಟ್ಟಿಯಾಗಿ ನಕ್ಕರು. ಮೂರು ವರ್ಷಗಳಲ್ಲಿ ನಾನು ಕೇಳಿದ ಅವರ ನಗು ಅದೊಂದೇ. ಆಮೇಲೆ ಎಂದರು: “ಬರಕೋರಿ. ಭಾಳ ಬರೋಬ್ಬರಿ ಬಂದದ್ದನ್ನ ನಂಬಬ್ಯಾಡ್ರಿ.”

ಇನ್ನು ವಾಚಿನ ವಿಷಯ.

ಪ್ರಯೋಗಾಲಯದಲ್ಲಿ ಐದು ಸ್ಟಾಪ್ ವಾಚುಗಳಿದ್ದವು, ಕೀಲಿ ಕೊಡುವಂಥವು. ಅದರಲ್ಲಿ ಒಂದನ್ನು ಅವರು ರಜೆಯ ಇಡೀ ತಿಂಗಳು ಪಟ್ಟಿ ಆಯಸ್ಕಾಂತಗಳ ಖಾನೆಯಲ್ಲಿ ಇಟ್ಟಿದ್ದರು. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಆಯಸ್ಕಾಂತ ಹತ್ತಿ ಅದು ಗಂಟೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಮುಂದೆ ಓಡುತ್ತಿತ್ತು. ನೋಡಲು ಐದೂ ಒಂದೇ ಥರ. ಅವರು ಮಾತ್ರ ಕಿವಿಗೆ ಹಿಡಿದು ಅದರ ಸಪ್ಪಳದಿಂದ ಗುರುತಿಸುತ್ತಿದ್ದರು. ಡಿಸೆಂಬರಿನಲ್ಲಿ ನಮ್ಮನ್ನು ಒಬ್ಬೊಬ್ಬರಾಗಿ ಕರೆದು ‘ಜಿ’ ಕಂಡುಹಿಡಿಯಲು ಹಚ್ಚಿದರು. ಭೂಮಿ ವಸ್ತುವನ್ನು ಎಷ್ಟು ಎಳೆಯುತ್ತದೆಂದು ಹೇಳುವ ಸಂಖ್ಯೆ ಅದು. ಪುಸ್ತಕದಲ್ಲಿ, ಸೆಂಟಿಮೀಟರಿನ ಲೆಕ್ಕದಲ್ಲಿ, ಒಂಬೈನೂರ ಎಂಬತ್ತು. ತೂತುಗಳಿದ್ದ ಉದ್ದನೆಯ ಕಬ್ಬಿಣದ ಪಟ್ಟಿಯನ್ನು ತೂಗಿಬಿಟ್ಟು, ಅದು ಹಿಂದೆ ಮುಂದೆ ಹೋಗಿ ಬರುವ ಸಮಯವನ್ನು ಅಳೆಯಬೇಕು. ಸಮಯ ಹೆಚ್ಚು ಬಂದಷ್ಟೂ ‘ಜಿ’ ಕಡಿಮೆ ಬರುತ್ತದೆ. ಪ್ರತಿಯೊಬ್ಬರಿಗೂ ಆ ವಾಚನ್ನೇ ಕೊಟ್ಟರು.

ಮರುವಾರ ಉತ್ತರಗಳನ್ನು ಓದಿದರು. ಒಂಬೈನೂರ ಎಪ್ಪತ್ತೆಂಟು, ಒಂಬೈನೂರ ಎಂಬತ್ತೊಂದು, ಒಂಬೈನೂರ ಎಂಬತ್ತು. ಜುಜೆಯದು ಮಾತ್ರ ಒಂಬೈನೂರ ನಲವತ್ನಾಲ್ಕು.

“ಈ ವಾಚಿನ್ಯಾಗ ಎಂಬತ್ತು ಬರೂದು ಸಾಧ್ಯ ಇಲ್ಲ,” ಎಂದರು. “ಇದು ಕೆಟ್ಟೈತಿ. ನಾನಽ ಕೆಡಿಸೇನಿ. ಎಂಬತ್ತು ಬಂದ ಸಾಹೇಬ್ರೆಲ್ಲ ಎದ್ದು ನಿಂದರ್ರಿ.”

ಇಪ್ಪತ್ತೆರಡು ಜನ ಎದ್ದು ನಿಂತೆವು. ಗಂಟೆ ಹೊಡೆಯುವವರೆಗೆ ನಿಲ್ಲಿಸಿದರು. ಕುಳಿತಿದ್ದ ಜುಜೆಗೆ ಅವರು ಹೇಳಿದ್ದು ‘ಹೂಂ’ ಎಂದಷ್ಟೇ. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿರಲಿಲ್ಲ. ವಾಚನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸಂಜೆ ಇಮಾಮಸಾಬನಿಗೆ ದೊಡ್ಡ ಕಟ್ಟು ಸಿಕ್ಕಿತು.

ಏಪ್ರಿಲಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಆ ಹೊತ್ತಿಗೆ ಜುಜೆಯ ಅಪ್ಪನ ಕಣ್ಣು ಮಂದವಾಗಿತ್ತು. ಅವನು ಕೆಲಸ ಬಿಟ್ಟರೆ ಮನೆಯಲ್ಲಿ ಒಬ್ಬರನ್ನು ತೆಗೆದುಕೊಳ್ಳುತ್ತೇವೆ ಎಂದು ಕಾರ್ಖಾನೆಯವರು ಒಪ್ಪಿದ್ದರು. ಜೂನಿನೊಳಗೆ ಪದವಿ ಪಾಸಾದರೆ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಇಲ್ಲದಿದ್ದರೆ ಅಪ್ಪನ ಜಾಗ, ಅಂದರೆ ಬಿದಿರಿನ ಯಾರ್ಡು. ಪ್ರಾಕ್ಟಿಕಲ್ಲಿನಲ್ಲಿ ಹೋದರೆ ಪದವಿಯೂ ಹೋಯಿತು. ಇದು ನಮಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು. “ಬಿಳಿ ಕೋಟು ಹಾಕ್ಕೊಂಡು ಬಂದು ನಿಮ್ಮ ಕಾಗದದ ದಪ್ಪ ಅಳೀತೀನಿ, ತಡೀರಲೇ,” ಎಂದು ಜುಜೆ ಹೇಳಿಕೊಂಡು ತಿರುಗುತ್ತಿದ್ದ.

ಪರೀಕ್ಷೆಯ ಹಿಂದಿನ ದಿನ ಅಟೆಂಡರನ ಕೈಯಿಂದ ಒಂದು ವಾಚು ಬಿದ್ದು ಒಡೆಯಿತು. ನಾಲ್ಕು ಬೇಕಾಗಿದ್ದವು. ಅವನು ಕಪಾಟಿನ ಬೀಗ ತೆಗೆದು ಅಲ್ಲಿದ್ದದ್ದನ್ನು ನಾಲ್ಕನೆಯದಾಗಿ ಇಟ್ಟ. ಬೆಳಿಗ್ಗೆ ನಾವು ಚೀಟಿ ಎತ್ತಿದೆವು. ಜುಜೆಗೆ ಕಬ್ಬಿಣದ ಪಟ್ಟಿ, ಅಂದರೆ ‘ಜಿ’. ಪಕ್ಕದ ಮೇಜು ನನ್ನದು. ನನಗೂ ವಾಚು ಬೇಕಾಗುವ ಪ್ರಯೋಗವೇ ಬಂದಿತ್ತು. ಅವರು ಬರಿಗಾಲಲ್ಲಿ ಬಂದು ಒಂದೊಂದೇ ವಾಚನ್ನು ಎತ್ತಿ ಕಿವಿಗೆ ಹಿಡಿದರು. ಜುಜೆಯ ಮೇಜಿನ ಮೇಲಿನದನ್ನು ಉಳಿದವುಗಳಿಗಿಂತ ಹೆಚ್ಚು ಹೊತ್ತು ಹಿಡಿದರು. ಜುಜೆಯ ಮುಖ ನೋಡಿದರು. ವಾಚನ್ನು ಅಲ್ಲೇ ಇಟ್ಟು ಮುಂದೆ ಹೋದರು. ಇದನ್ನು ನಾನು ಮೂರಡಿ ದೂರದಿಂದ ನೋಡಿದೆ.

ಒಂದು ಗಂಟೆಯ ನಂತರ ಜುಜೆ ನನ್ನ ಕಡೆ ವಾಲಿದ.

“ಲೇ, ಐದು ನಿಮಿಷ ನಿನ್ನ ವಾಚ್ ಕೊಡು.”

“ಹುಚ್ಚೇನಲೇ? ನೋಡಿದ್ರ ಇಬ್ಬರನೂ ಹೊರಗ ಹಾಕ್ತಾರ.”

“ನನ್ನದು ಮುಂದ ಓಡಾಕ ಹತ್ತೈತಿ. ಕೊಡೋ ಮಾರಾಯಾ.”

ಕೊಟ್ಟೆ. ಎರಡನ್ನೂ ಒಟ್ಟಿಗೆ ಒತ್ತಿ ನಮ್ಮಿಬ್ಬರ ಮೇಜುಗಳ ನಡುವೆ ಇಟ್ಟ. ಐದು ನಿಮಿಷದ ನಂತರ ಒಟ್ಟಿಗೆ ನಿಲ್ಲಿಸಿದ. ನನ್ನದು ಐದು ನಿಮಿಷ ಸರಿಯಾಗಿ ತೋರಿಸುತ್ತಿತ್ತು. ಅವನದು ಐದು ನಿಮಿಷ ಆರು ಸೆಕೆಂಡು. ಎರಡೂ ಮುಳ್ಳುಗಳನ್ನು ನಾನು ನೋಡಿದೆ.

ಜುಜೆ ಉತ್ತರಪತ್ರಿಕೆಯಲ್ಲಿ ಎಲ್ಲವನ್ನೂ ಬರೆದ. ಅಳೆದದ್ದು ಒಂಬೈನೂರ ನಲವತ್ತೆರಡು. ಅದರ ಕೆಳಗೆ, ವಾಚು ಐದು ನಿಮಿಷಕ್ಕೆ ಆರು ಸೆಕೆಂಡು ಮುಂದೆ ಓಡುತ್ತದೆ. ಅದರ ಕೆಳಗೆ, ಅದನ್ನು ಕಳೆದು ತಿದ್ದಿದ ಉತ್ತರ: ಒಂಬೈನೂರ ಎಂಬತ್ತು.

ಪರೀಕ್ಷಕರು ಬೇರೆ ಊರಿನ ಕಾಲೇಜಿನಿಂದ ಬಂದವರು. ಊಟದ ಹೊತ್ತಾಗಿತ್ತು. ಹಾಳೆಯನ್ನು ಒಮ್ಮೆ ನೋಡಿ ಬೆರಳನ್ನು ಕೊನೆಯ ಸಾಲಿನ ಮೇಲೆ ಇಟ್ಟರು.

“ಬಂದದ್ದು ನಲವತ್ತೆರಡು. ಬೇಕಾದದ್ದು ಎಂಬತ್ತು. ನಡುವ ವಾಚಿನ ಮ್ಯಾಲೆ ಹಾಕಿದಿ. ಇದಕ್ಕ ಏನಂತಾರ ಗೊತ್ತೈತಿ ಏನು?”

“ವಾಚ್ ಖರೇನಽ ಮುಂದ ಓಡ್ತೈತ್ರಿ ಸರ್. ಹಚ್ಚಿ ನೋಡೇನಿ.”

“ಯಾವುದರ ಜೋಡಿ?”

ಜುಜೆ ನನ್ನ ಕಡೆ ನೋಡಿದ. ಪರೀಕ್ಷಕರೂ ತಿರುಗಿದರು.

“ಇಂವಾ ನಿನ್ನ ವಾಚ್ ತಗೊಂಡಾನೇನು?”

“ಇಲ್ರಿ ಸರ್,” ಎಂದೆ. “ನಾ ನನ್ನ ಪ್ರಯೋಗದಾಗ ಇದ್ದೆ.”

ಆಗ ಪರೀಕ್ಷಕರು ನಮ್ಮ ಸರ್ ಅವರನ್ನು ಕರೆದರು. ಅವರು ಕಿಟಕಿಯ ಹತ್ತಿರ ನಿಂತಿದ್ದರು. ಪರೀಕ್ಷಕರು ವಾಚನ್ನು ಎತ್ತಿ ತೋರಿಸಿದರು.

“ಏನ್ರಿ, ಇದು ಕೆಟ್ಟೈತಿ ಅಂತಾನ ನಿಮ್ಮ ಹುಡುಗ. ಪರೀಕ್ಷಾದಾಗ ಕೆಟ್ಟ ಸಾಮಾನು ಇಟ್ಟಿದ್ರ ಈ ಸೆಂಟರ್ ಬಗ್ಗೆ ನಾ ಬರದು ಕಳಸಬೇಕಾಗತೈತಿ. ಹೇಳ್ರಿ, ಕೆಟ್ಟೈತೇನು?”

ಅವರು ವಾಚನ್ನು ತೆಗೆದುಕೊಂಡರು. ಕಿವಿಗೆ ಹಿಡಿಯಲಿಲ್ಲ.

“ವಾಚ್ ಸರಿ ಐತ್ರಿ,” ಎಂದರು.

ಪಕ್ಕದಲ್ಲಿ ಇನ್ನೂ ಮೂರು ವಾಚುಗಳಿದ್ದವು. ಎರಡನ್ನು ಒಂದು ನಿಮಿಷ ಜೊತೆಗೆ ಓಡಿಸಿದ್ದರೆ ಸಾಕಿತ್ತು. ಡಿಸೆಂಬರಿನಲ್ಲಿ ಎದ್ದು ನಿಂತಿದ್ದ ಇನ್ನೂ ಕೆಲವರು ಆ ಕೋಣೆಯಲ್ಲಿದ್ದರು. ಎಲ್ಲರೂ ತಮ್ಮ ತಮ್ಮ ಹಾಳೆಗಳ ಮೇಲೆ ಬಗ್ಗಿದರು. ಪರೀಕ್ಷಕರು ಜುಜೆಯ ಹಾಳೆಯ ಮೇಲೆ ಪಾಸಾಗಲು ಸಾಲದಷ್ಟು ಅಂಕ ಬರೆದು ಊಟಕ್ಕೆ ಎದ್ದರು. ನನಗೆ ಚೆನ್ನಾಗಿಯೇ ಅಂಕ ಬಂತು. ನನ್ನ ಅಳತೆಗಳಲ್ಲಿ ಅರ್ಧ ನಾನು ಉಲ್ಟಾ ಹೊಡೆದವೇ.

ಜುಜೆ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಅವರು ಬಂದು ಚಪ್ಪಲಿ ಮೆಟ್ಟಿಕೊಂಡರು.

“ಅಕ್ಟೋಬರದಾಗ ಮತ್ತ ಕಟ್ಟು,” ಎಂದರು.

“ಆವಾಗ ಯಾವ ವಾಚ್ ಇಡ್ತೀರಿ, ಸರ್?” ಎಂದು ಜುಜೆ ಕೇಳಿದ.

ಅವರು ಹೋದರು. ಜುಜೆ ಅಕ್ಟೋಬರಿನಲ್ಲಿ ಕಟ್ಟಲಿಲ್ಲ. ಜೂನಿನಲ್ಲೇ ಯಾರ್ಡಿಗೆ ಸೇರಿದ್ದ.

ಆಮೇಲಿನ ವರ್ಷಗಳ ಬಗ್ಗೆ ನಾನು ಕೇಳಿ ತಿಳಿದದ್ದು ಇಷ್ಟು. ಅವರು ಜರ್ನಲ್ ಹರಿಯುವುದನ್ನು ಬಿಟ್ಟರು. ಚಪ್ಪಲಿ ಹಾಕಿಕೊಂಡೇ ಪ್ರಯೋಗಾಲಯಕ್ಕೆ ಬರುತ್ತಿದ್ದರು. ಹುಡುಗರಿಗೆ ಹಾಳೆ ಮುಚ್ಚಿಕೊಳ್ಳಲು ಸಮಯ ಸಿಗುತ್ತಿತ್ತು. ಒಂಬೈನೂರ ಎಂಬತ್ತು ಎಂದು ಬರೆದುಕೊಂಡು ಹೋದರೆ ತಲೆ ಎತ್ತದೆ ಸಹಿ ಮಾಡುತ್ತಿದ್ದರು. ಫಲಿತಾಂಶ ಚೆನ್ನಾಗಿ ಬರತೊಡಗಿತು. ಹೊಸ ಹುಡುಗರು ಅವರನ್ನು ಬಹಳ ಒಳ್ಳೆಯವರು ಎನ್ನುತ್ತಿದ್ದರು. ಒಮ್ಮೆ ದಾಂಡೇಲಿಗೆ ಹೋದಾಗ ಇಮಾಮಸಾಬ ನನ್ನನ್ನು ಗುರುತು ಹಿಡಿದು ದೂರಿದ: “ನಿಮ್ಮ ಸರ್ ಈಗ ಹಾಳಿ ಕೊಡೂದಿಲ್ರಿ. ತಬಿಯತ್ ಬರೋಬ್ಬರಿ ಇಲ್ಲೇನ್ರಿ ಅವರದು?”

ನಿವೃತ್ತರಾದ ಮೇಲೆ ಒಮ್ಮೆ ಹಳಿಯಾಳದಲ್ಲಿ ಅವರ ಮನೆಗೆ ಹೋಗಿದ್ದೆ. ಬೇರೆ ಸುದ್ದಿಗೆ ಹೋದವನು, ಹುಬ್ಬಳ್ಳಿಯ ಬಸ್ಸಿಗೆ ಹೊತ್ತಿತ್ತು. ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಚಹಾ ಬಂತು. ನಾನು ನೇರವಾಗಿ ಕೇಳಿದೆ. ಸುತ್ತಿ ಬಳಸಿ ಕೇಳಿದರೆ ಅವರು ಬೈಯುತ್ತಿದ್ದರು.

“ಗೊತ್ತಿದ್ದೂ ಆ ವಾಚ್ ಯಾಕ ಅಲ್ಲೇ ಇಟ್ರಿ, ಸರ್?”

“ಹೊರಗಿನಾಂವ ಬಂದಿದ್ದ,” ಎಂದರು. “ನನ್ನ ಹುಡುಗ ಒಬ್ಬನರ ಹಿಡದು ತೋರಸ್ಲಿ ಅಂತ ಇಟ್ಟೆ.”

“ತೋರಸಿದ್ನಲ್ರಿ.”

“ಹೂಂ.”

ಚಹಾ ಬಟ್ಟಲಿನಲ್ಲಿದ್ದದ್ದನ್ನು ಸಾಸರಿಗೆ ಸುರಿದುಕೊಂಡರು, ಕುಡಿಯಲಿಲ್ಲ.

“ಸೆಂಟರ್ ಹೋಗ್ತಿತ್ತು. ನೀವು ಇಪ್ಪತ್ತೆರಡು ಮಂದಿ ಮತ್ತೆಲ್ಲೋ ಹೋಗಿ ಪರೀಕ್ಷಾ ಕೊಡಬೇಕಾಗ್ತಿತ್ತು. ಒಂದು ಕಡೆ ಇಪ್ಪತ್ತೆರಡು, ಒಂದು ಕಡೆ ಒಬ್ಬ. ಲೆಕ್ಕ ಬರೋಬ್ಬರಿ ಐತಿಲ್ಲೋ?”

“ಬರೋಬ್ಬರಿ ಐತ್ರಿ.”

“ಹಂಗಾದ್ರ ಉಲ್ಟಾ ಹೊಡದದ್ದು,” ಎಂದರು. “ಮನಿಗೆ ಬಂದು ರಾತ್ರಿ ಕುಂತು ಹೊಡದದ್ದು. ವಾಚ್ ಕೈಯಾಗ ಹಿಡದಾಗ ತಲ್ಯಾಗ ಇಪ್ಪತ್ತೆರಡೂ ಇರಲಿಲ್ಲ, ಒಂದೂ ಇರಲಿಲ್ಲ. ಅಂಜಿದ್ದೆ.”

ಏಳುವಾಗ, ಜುಜೆಗೆ ಏನಾದರೂ ಹೇಳಬೇಕೇ ಎಂದು ಕೇಳಿದೆ.

“ವಾಚ್ ಕೆಟ್ಟಿತ್ತು ಅಂತ ಹೇಳು.”

ನಾನು ಹೇಳಲಿಲ್ಲ. ದಾಂಡೇಲಿಗೆ ಆಮೇಲೆ ನಾಲ್ಕೈದು ಸಲ ಹೋಗಿದ್ದೆ. ಯಾರ್ಡಿನ ಕಡೆ ಹೋಗಲಿಲ್ಲ. ಹೋದದ್ದು ಅವರು ತೀರಿಕೊಂಡ ಮೇಲೆ. ಕಾಲೇಜಿನಲ್ಲಿ ಸಂತಾಪ ಸಭೆ ಇತ್ತು, ನಾನು ಭಾಷಣ ಮಾಡಬೇಕಿತ್ತು. ಸಭೆಗೆ ಒಂದು ಗಂಟೆ ಮೊದಲು, ಪಾಳಿ ಬದಲಾಗುವ ಹೊತ್ತಿಗೆ ಯಾರ್ಡಿನ ಗೇಟಿಗೆ ಹೋದೆ. ಜುಜೆ ಕೈಯಲ್ಲಿ ಹಲಗೆ ಹಿಡಿದು ಲಾರಿಯ ಪಕ್ಕ ನಿಂತಿದ್ದ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬಿದಿರಿನ ಕಟ್ಟುಗಳನ್ನು ಎಣಿಸುವ ಕೆಲಸ ಅವನದು. ಲಾರಿಯ ಡ್ರೈವರುಗಳು ಅವನನ್ನು ‘ಮೂರು ಸಲದಾಂವ’ ಎಂದು ಕರೆಯುತ್ತಾರೆಂದು ಗೇಟಿನವನು ಹೇಳಿದ.

“ಓದಿದೆ,” ಎಂದ ಜುಜೆ, ನಾನು ಏನೂ ಹೇಳುವ ಮೊದಲೇ. “ಸತ್ಯನಿಷ್ಠೆ. ಉತ್ತರ ಮೊದಲ ಬರದು ಆಮ್ಯಾಲೆ ರೀಡಿಂಗ್ ತುಂಬಿದೀಯಲ್ಲೋ. ಕೈ ಇನ್ನೂ ಚಲೋ ಐತಿ ನಿಂದು.”

“ಸರ್ ನಿನಗ ಒಂದು ಮಾತು ಹೇಳಂದಿದ್ರು.”

“ಯಾವಾಗ?”

“ಎರಡು ವರ್ಷದ ಹಿಂದ.”

“ಭಾಳ ಲಗೂನ ಬಂದಿ. ಏನಂತ?”

“ವಾಚ್ ಕೆಟ್ಟಿತ್ತಂತ.”

ಜುಜೆ ಹಲಗೆಯ ಮೇಲಿನ ಹಾಳೆಯನ್ನು ಸರಿಮಾಡಿಕೊಂಡ.

“ಅದು ನನಗ ಗೊತ್ತಿತ್ತು. ನಿನಗ ಗೊತ್ತಿತ್ತು. ಸರ್‌ಗೆ ಗೊತ್ತಿತ್ತು,” ಎಂದ. “ಅಲ್ಲಿ ಗೊತ್ತಿಲ್ಲದಾಂವ ಒಬ್ಬನಽ ಇದ್ದ. ಅಂವಾ ಮಾರ್ಕ್ಸ್ ಹಾಕಿದ.”

ಲಾರಿಯವನು ಹಾರ್ನ್ ಹೊಡೆದ. “ಏ ಮೂರು ಸಲದಾಂವ, ಇವತ್ತರ ಒಂದಽ ಸಲ ಎಣಸಪಾ, ಹಳಿಯಾಳಕ್ಕ ಹೋಗಿ ಊಟ ಮಾಡಬೇಕು,” ಎಂದು ಕೂಗಿದ. ಜುಜೆ ಲಾರಿಯ ಹಿಂದಕ್ಕೆ ಹೋಗಿ ಎಣಿಸತೊಡಗಿದ. ಅವನು ಎರಡನೆಯ ಸಲ ಎಣಿಸಲು ಶುರು ಮಾಡಿದಾಗ ನಾನು ಅಲ್ಲಿಂದ ಹೊರಟೆ.

ಸಭೆಯಲ್ಲಿ ನನಗಿಂತ ಮೊದಲು ಇಬ್ಬರು ಮಾತಾಡಿದರು. ಸರ್ ಎಂದೂ ಒಂದು ಹಾಳೆ ಹರಿದವರಲ್ಲ, ಎಂದೂ ಯಾರಿಗೂ ನೋವಾಗುವಂತೆ ಮಾತಾಡಿದವರಲ್ಲ ಎಂದರು. ಇಬ್ಬರೂ ನಮ್ಮ ನಂತರದ ತಂಡದವರು, ಸುಳ್ಳು ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ, ಹೆಣ್ಣುಮಕ್ಕಳು ಕುಳಿತಿದ್ದರು. ಮೂರನೆಯವನಾಗಿ ನನ್ನನ್ನು ಕರೆದರು. ನಾನು ಎಂಟು ನಿಮಿಷ ಮಾತಾಡಿದೆ. ಬಿದಿರನ್ನು ಮೂರು ಸಲ ಎಣಿಸುವ ಮಾತಿಗೆ ಅವರು ನಕ್ಕದ್ದನ್ನು ಹೇಳಿದೆ, ಸಭೆಯೂ ನಕ್ಕಿತು. ವಾಚಿನ ವಿಷಯ ಹೇಳಲಿಲ್ಲ.